ರೊಟ್ಟಿ ಕೇಳಿದವಳಿಗೆ ಸಮುದ್ರ

ನನ್ನ ಹೆಂಡತಿ ಕೇಳಿದ್ದು ಒಂದು ಬಿಸಿ ರೊಟ್ಟಿ. ನಾನು ಕೊಡುತ್ತೇನೆಂದದ್ದು ಸಮುದ್ರ. ಇಷ್ಟರಲ್ಲೇ ನನ್ನ ಸ್ವಭಾವವೂ ನಮ್ಮ ಸಂಸಾರದ ಸ್ಥಿತಿಗತಿಯೂ ಓದುವವರಿಗೆ ಅರ್ಥವಾಗಿರಬೇಕು.

ವಿಜಾಪುರದ ಬಜಾರದಲ್ಲಿ ನನ್ನದೊಂದು ಹಗ್ಗದ ಅಂಗಡಿ. ಎತ್ತಿನ ಮೂಗುದಾರ, ದನದ ಕಣ್ಣಿ, ಬಾವಿಯ ಹಗ್ಗ, ಬಾರುಕೋಲು, ಹೀಗೆ ಎಳೆಯುವುದಕ್ಕೆ, ಕಟ್ಟುವುದಕ್ಕೆ, ಹೊಡೆಯುವುದಕ್ಕೆ ಬೇಕಾದುದೆಲ್ಲ ನನ್ನಲ್ಲಿ ಸಿಗುತ್ತದೆ. ಬೆಳಗಿನಿಂದ ದೀಪ ಹಚ್ಚುವವರೆಗೆ ಪುಂಡಿನಾರು ಹೊಸೆದು ಮನೆಗೆ ಬಂದರೆ, ಮೂರು ಮಕ್ಕಳು ನನ್ನನ್ನೇ ಎಳೆದು, ಕಟ್ಟಿ, ಹೊಡೆಯುತ್ತವೆ. ವ್ಯಾಪಾರ ಎಲ್ಲಿಗೂ ನಿಲ್ಲುವುದಿಲ್ಲ.

ಮನೆಯಲ್ಲಿ ರೊಟ್ಟಿಯ ರಾಜ್ಯಭಾರ ನನ್ನ ಹೆಂಡತಿ ರೇಣುಕವ್ವನದು. ಆಕೆ ಬಡಿಯುತ್ತಾಳೆ, ನಾವು ತಿನ್ನುತ್ತೇವೆ. ನಾವೆಲ್ಲ ಕೈತೊಳೆದು ಎದ್ದ ಮೇಲೆ ಬುಟ್ಟಿಯ ತಳದಲ್ಲಿ ಉಳಿದ ತಣ್ಣನೆಯ ರೊಟ್ಟಿ ಆಕೆಗೆ. ಮದುವೆಯಾದಂದಿನಿಂದ ಇದೇ ಪದ್ಧತಿ. ತಿನ್ನುವವರಿಗೆ ಪದ್ಧತಿಯಲ್ಲಿ ತಪ್ಪು ಕಾಣುವುದು ಬಹಳ ಕಷ್ಟ. ಹೀಗಾಗಿ ಒಂದು ಸಂಜೆ ಆಕೆ ಹಂಚನ್ನು ಒಲೆಯಿಂದ ಇಳಿಸಿ, "ಏನ್ರಿ, ನನಗೊಂದು ಆಸಿ ಐತಿ" ಎಂದಾಗ, ಬಂಗಾರವೋ ರೇಷ್ಮೆಯೋ ಎಂದು ನನ್ನ ಎದೆ ಹಾರಿತು.

"ಏನದು? ಹೇಳು."

"ನಾ ಸುಮ್ಮ ಕುಂತಿರಬೇಕು. ಯಾರರ ಬಡದು, ಹಂಚಿನ ಮ್ಯಾಲಿಂದ ತಗದು, ನನ್ನ ಗಂಗಾಳಕ್ಕ ಒಂದು ಬಿಸಿ ರೊಟ್ಟಿ ಹಾಕಬೇಕು. ಹೊಟ್ಟಿ ಉಬ್ಬಿದ ರೊಟ್ಟಿ. ಉಗಿ ಹಾಯಾಕತ್ತಿರಬೇಕು. ಅಷ್ಟ."

"ತವರಮನಿಗೆ ಹೋದಾಗ ತಿಂತೀಯಲ್ಲ?"

"ಎಲ್ಲಿದು! ಹೊಸ್ತಲಾ ದಾಟೂದ ತಡ, ನಮ್ಮ ವೈನಿಗೋಳು 'ನಿನ್ನ ಕೈರೊಟ್ಟಿ ತಿಂದು ಎಷ್ಟ ದಿನಾ ಆದ್ವು ಬೇ ರೇಣುಕಾ' ಅಂತ ಹಿಟ್ಟಿನ ಪರಾತ ಮುಂದ ಸರಸ್ತಾರ."

ಇಲ್ಲಿ ಒಬ್ಬ ಬುದ್ಧಿವಂತ ಗಂಡಸು ಎದ್ದು, ಖಾನಾವಳಿಗೆ ಹೋಗಿ, ಒಂದು ಬಿಸಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ತಂದು ಮಾತು ಮುಗಿಸುತ್ತಿದ್ದ. ಆದರೆ ಅದೇ ದಿನ ಕೊಂಕಣದ ಕಡೆಯ ತೆಂಗಿನ ನಾರಿನ ವ್ಯಾಪಾರಿಯೊಬ್ಬ ನನ್ನ ಅಂಗಡಿಯಲ್ಲಿ ಕುಳಿತು, ಸಮುದ್ರದ ದಂಡೆಯ ಮೇಲೆ ಒಂದು ದಿನ ಕುಳಿತರೆ ಹುಟ್ಟಿದಂದಿನ ದಣಿವೆಲ್ಲ ಹೋಗುತ್ತದೆಂದು ಹೇಳಿ ಹೋಗಿದ್ದ. ಅದಿನ್ನೂ ನನ್ನ ತಲೆಯಲ್ಲಿ ಅಲೆಯಾಡುತ್ತಿತ್ತು. ಬಾಯಿಯಿಂದ ಹೊರಗೆ ಬಂದೇಬಿಟ್ಟಿತು:

"ಹುಚ್ಚಿ! ರೊಟ್ಟಿ ಏನ ಬೇಡತಿ? ನಿನಗ ಸಮುದ್ರನ ತೋರಸ್ತೀನಿ!"

ರೇಣುಕವ್ವ ನನ್ನನ್ನು ಒಂದು ಗಳಿಗೆ ನೋಡಿ, ಉಳಿದ ತಣ್ಣನೆಯ ರೊಟ್ಟಿ ಮುರಿದುಕೊಂಡು ತಿನ್ನತೊಡಗಿದಳು. ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸಾಲೆಗೆ ಹೋಗುವ ಹಿರಿಯ ಮಗಳು ಶಂಕ್ರೆವ್ವ ಅಲ್ಲೇ ಕುಳಿತಿದ್ದಳು. ಅವಳ ಕಿವಿಗೆ ಬಿದ್ದದ್ದಕ್ಕೆ ಡಂಗುರ ಬೇಕಾಗಿಲ್ಲ. ಮರುದಿನ ನಾನು ಮುಖ ತೊಳೆಯುವುದರೊಳಗೆ ಪಕ್ಕದ ಮನೆಯ ಬೋರವ್ವ ಕೊಡ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಿದ್ದಳು.

"ಸಮುದ್ರಕ್ಕ ಹೊಂಟೀಯಂತಲ್ಲೋ ಬಸಗೊಂಡಪ್ಪಾ? ನನಗೊಂದು ಕೊಡ ನೀರು ತಗೊಂಡ ಬಾ."

"ಅದು ಉಪ್ಪ ಇರತೈತಿ ಬೇ ಅತ್ತಿ. ಕುಡಿಯಾಕ ಬರಂಗಿಲ್ಲ."

"ನಮ್ಮ ಬಾವ್ಯಾಗಿಂದೇನು ಸಕ್ಕರಿ ಐತೇನು? ಸಾರಿಗೆ ಹಾಕತೀನಿ. ಉಪ್ಪರ ಉಳೀತೈತಿ."

ಕೊಡ ನನ್ನ ಕೈಯಲ್ಲಿಟ್ಟು ಹೋದಳು. ಬರಿ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ಪಕ್ಕದ ಮನೆಯವರ ಕೊಡ ಕೈಗೆ ಬಂದ ಮೇಲೆ ಹೋಗಲೇಬೇಕು.

ಯುದ್ಧ ಮುಗಿದ ಮರುವರ್ಷ ಅದು. ಮಿಲಿಟರಿಯವರು ತಮಗೆ ಬೇಡವಾದ ಸಾಮಾನನ್ನೆಲ್ಲ ಲಿಲಾವಿಗೆ ಹಾಕಿ ಹರಾಜು ಕೂಗುತ್ತಿದ್ದರು. ನನ್ನ ಗೆಳೆಯ, ಮೋಟಾರು ರಿಪೇರಿಯ ಸೈಫುದ್ದೀನ, ಯುದ್ಧದಲ್ಲಿ ಲಾರಿ ನಡೆಸುತ್ತ ಬಸರಾದವರೆಗೆ ಹೋಗಿಬಂದವನು. ಪುಣೆಯ ಲಿಲಾವಿನಲ್ಲಿ, ಗಾಯಗೊಂಡ ಸಿಪಾಯಿಗಳನ್ನು ಸಾಗಿಸುವ ಹಸಿರು ವ್ಯಾನೊಂದನ್ನು ಹಿಡಿದು ತಂದಿದ್ದ. ಒಳಗೆ ಎರಡೂ ಮಗ್ಗುಲಿಗೆ ಮಲಗುವ ಹಲಗೆ, ಕಿಟಕಿಗೆ ಪರದೆ, ಮೂಲೆಯಲ್ಲಿ ನೀರಿನ ಪೀಪಾಯಿ. ಪೆಟ್ರೋಲಿಗೆ ರೇಶನ್ ಇದ್ದುದರಿಂದ ಹಿಂದುಗಡೆ ಒಂದು ದೊಡ್ಡ ಕಬ್ಬಿಣದ ಡ್ರಮ್ಮು ಕೂಡಿಸಿದ್ದ. ಅದಕ್ಕೆ ಇದ್ದಿಲು ತುಂಬಿ, ಕೆಂಡ ಮಾಡಿ, ಪಂಖ ತಿರುವಿದರೆ ಗ್ಯಾಸು ಹುಟ್ಟಿ ಗಾಡಿ ಓಡುತ್ತಿತ್ತು, ಅದಕ್ಕೆ ಮನಸ್ಸಿದ್ದರೆ.

"ಇದು ಗಾಡಿ ಅಲ್ರಿ ಅಣ್ಣಾರ, ಗಾಲಿ ಹಚ್ಚಿದ ಮನಿ," ಎಂದ ಸೈಫುದ್ದೀನ. "ಎಲ್ಲಿ ನಿಂದರಸ್ತೀರಿ ಅಲ್ಲೇ ನಿಮ್ಮ ವಾಡೆ. ಪರದೆ ಸರಸಿದ್ರ ಮುಂದ ಸಮುದ್ರ."

ಬಾಡಿಗೆಗೆ ಬದಲಾಗಿ, ಅವನ ರಿಪೇರಿ ಕೆಲಸಕ್ಕೆ ಬೇಕಾಗುವ ದಪ್ಪ ಹಗ್ಗವೆಲ್ಲ ಇನ್ನು ಮೇಲೆ ನಾನೇ ಕೊಡಬೇಕೆಂದು ಮಾತಾಯಿತು. ರೇಣುಕವ್ವ ವ್ಯಾನನ್ನು ಸುತ್ತಾಡಿ ನೋಡಿ, ಹಿಂದಿನ ಡ್ರಮ್ಮಿನ ಹತ್ತಿರ ನಿಂತಳು.

"ಇದು ಒಲಿ ಅಲ್ಲೇನು?"

"ಗಾಡೀದು ವೈನಿ," ಎಂದ ಸೈಫುದ್ದೀನ. "ನಿಮದಲ್ಲ."

"ಹಂಗಾದ್ರ ಬರ್ತೀನಿ. ಆದ್ರ ಒಂದು ಮಾತು. ಮನಿ ಹೊಸ್ತಲಾ ದಾಟಿದ ಮ್ಯಾಲ ತಿರಗಿ ಬರೂತನಕ ನಾ ಹಿಟ್ಟು ಮುಟ್ಟಂಗಿಲ್ಲ."

"ಮುಟ್ಟಬ್ಯಾಡ!" ಎಂದೆ. "ಸಮುದ್ರದ ದಂಡಿಗೆ ಖಾನಾವಳಿ ಸಾಲ ಹಿಡದ ನಿಂತಿರತಾವ. ಬಿಸಿ ರೊಟ್ಟಿ ತಟ್ಟಿ ತಟ್ಟಿ ಒಗೀತಾರ." ಆವರೆಗೆ ನಾನು ನೋಡಿದ ಅತಿ ದೊಡ್ಡ ನೀರೆಂದರೆ ನಮ್ಮೂರ ಕೆರೆ, ಬೇಗಂ ತಲಾಬ.

ಸಮುದ್ರಕ್ಕೆ ಹೋಗುವವರ ಉಡುಪು ಬೇರೆಯೇ ಇರಬೇಕೆಂದು ನನಗನಿಸಿತು. ಸೈಫುದ್ದೀನ ಅದೇ ಲಿಲಾವಿನಲ್ಲಿ ತಂದ ಒಂದು ಖಾಕಿ ಕೋಟನ್ನೂ ಒಂದು ಸೋಲಾ ಟೊಪ್ಪಿಗೆಯನ್ನೂ ಎರವು ತೆಗೆದುಕೊಂಡೆ. ಟೊಪ್ಪಿಗೆ ಯಾವನೋ ದೊಡ್ಡ ತಲೆಯ ಗೋರಾ ಸಾಹೇಬನದು. ನನ್ನ ಹಣೆಯ ವಿಭೂತಿಯನ್ನು ಮುಚ್ಚಿ ಹುಬ್ಬಿನ ಮೇಲೆ ಬಂದು ಕುಳಿತಿತು. ಓಣಿಯೆಲ್ಲ ನಿಂತು ನೋಡಿತು. ಬೋರವ್ವ ಮಾತ್ರ, "ಕೊಡ ಮರತೀ ಗಿರತೀ!" ಎಂದು ಕೂಗಿದಳು.

ದಾರಿಯಲ್ಲಿ ತಿಕೋಟಾ. ಅಲ್ಲಿ ನನ್ನ ಅಕ್ಕ ಗುರುಸಿದ್ದವ್ವನ ಮನೆ. ವ್ಯಾನನ್ನೂ ಟೊಪ್ಪಿಗೆಯನ್ನೂ ಅಕ್ಕನಿಗೆ ತೋರಿಸದೆ ಮುಂದೆ ಹೋಗುವಷ್ಟು ವೈರಾಗ್ಯ ನನಗೆ ಬಂದಿರಲಿಲ್ಲ. ಅಕ್ಕ ಟೊಪ್ಪಿಗೆ ನೋಡಿ ಬೆರಗಾದಳು, ವ್ಯಾನು ನೋಡಿ ಕಣ್ಣೊರೆಸಿಕೊಂಡಳು; ಆಮೇಲೆ ರೇಣುಕವ್ವನನ್ನು ನೋಡಿ, "ನಿನ್ನ ಕೈರೊಟ್ಟಿ ತಿಂದು ಎಷ್ಟ ದಿನಾ ಆದ್ವು ಬೇ" ಎಂದು ಪರಾತ ತರಲು ಎದ್ದಳು.

ರೇಣುಕವ್ವ ನನ್ನ ಕಡೆ ನೋಡಿದಳು. ಆ ನೋಟದಲ್ಲಿ, ಹಿಟ್ಟು ಮುಟ್ಟಿಸುವುದಿಲ್ಲವೆಂದು ನಾನು ಕೊಟ್ಟ ಮಾತಿತ್ತು.

"ಅಕ್ಕಾ, ಬಡಿಯೂದು ಬ್ಯಾಡ!" ಎಂದು ನಾನು ಅಡ್ಡ ಬಂದೆ. "ನಮ್ಮ ಬುತ್ತಿನ ತಗೋ!" ಓಣಿಯವರು ಕಟ್ಟಿಕೊಟ್ಟ ಕಡಕ್ ರೊಟ್ಟಿಯ ಗಂಟನ್ನು ಹಾಗೆಯೇ ಎತ್ತಿ ಅಕ್ಕನ ಉಡಿಗೆ ಹಾಕಿದೆ. "ಸಮುದ್ರದ ದಂಡಿಗೆ ಹೋಗಾವ್ರಿಗೆ ಕಡಕ್ ರೊಟ್ಟಿ ಯಾತಕ್ಕ? ಅಲ್ಲಿ ಎಲ್ಲಾ ಬಿಸಿ ಬಿಸಿ!"

ಇಡೀ ಪ್ರವಾಸದಲ್ಲಿ ನಾನು ತೋರಿದ ಔದಾರ್ಯವೆಂದರೆ ಅದೊಂದೇ. ಅದನ್ನೇ ಮಾಡಬಾರದಾಗಿತ್ತು.

ಬಬಲೇಶ್ವರದ ಕಡೆಗೆ ಹೊಲಗಳ ನಡುವೆ ಒಂದು ಒಳದಾರಿ ಇದೆ, ಅದನ್ನು ಹಿಡಿದರೆ ಸಮುದ್ರದ ದಾರಿಯಲ್ಲಿ ದಾಟಬೇಕಾದ ಕೃಷ್ಣೆಯ ದಂಡೆಗೆ ಬೇಗ ಮುಟ್ಟುತ್ತೀರೆಂದು ಅಕ್ಕನ ಗಂಡ ಹೇಳಿದರು. ಅವರು ಹೇಳಿದ್ದು ಎತ್ತಿನ ಬಂಡಿಗೆ. ನಾವು ಹೋದದ್ದು ಮಿಲಿಟರಿ ವ್ಯಾನಿನಲ್ಲಿ. ಮೇಲಾಗಿ ಉತ್ತರಿ ಮಳೆ ನಮ್ಮನ್ನೇ ಕಾಯುತ್ತಿದ್ದಂತೆ ಸುರಿಯಿತು. ನಮ್ಮ ಕಡೆಯ ಎರೆಭೂಮಿ ಒಣಗಿದಾಗ ಕಲ್ಲು, ನೆನೆದಾಗ ಅಂಟು. ಬೂಟು ಹೋದರೆ ಬೂಟು ಕೊಡುವುದಿಲ್ಲ, ಗಾಲಿ ಹೋದರೆ ಗಾಲಿ ಕೊಡುವುದಿಲ್ಲ. ಸಂಜೆಗೆ ಒಂದು ಹಳ್ಳಿಯ ಹೊರಗೆ ಎತ್ತರದ ದಿನ್ನೆಯೊಂದು ಕಂಡಿತು. ಸುತ್ತೆಲ್ಲ ಕೆಸರು, ಅದೊಂದು ಮಾತ್ರ ಗಟ್ಟಿ. "ಅಲ್ಲೇ ಹತ್ತಸೋ!" ಎಂದೆ. ಸೈಫುದ್ದೀನ ಹತ್ತಿಸಿದ. ದಿನ್ನೆಯ ನೆತ್ತಿಯ ಮೇಲೆ ಹಿಂದಿನ ಗಾಲಿ ಅರ್ಧ ಇಳಿದು, ಗಾಡಿ ನಿಟ್ಟುಸಿರು ಬಿಟ್ಟು ನಿಂತಿತು.

ಬೆಳಗಾಗೆದ್ದು ಶಂಕ್ರೆವ್ವ ಪರದೆ ಸರಿಸಿ ಚೀರಿದಳು: "ಅಪ್ಪಾ! ಸಮುದ್ರ!"

ನಿಜವಾಗಿಯೂ ನೀರು. ಕಣ್ಣು ಹಾಯುವವರೆಗೆ ನೀರು. ಹೊಲವಿಲ್ಲ, ಬದುವಿಲ್ಲ, ದಾರಿಯಿಲ್ಲ. ಡೋಣಿ ನದಿ ಉಕ್ಕಿ ಹರಡಿಕೊಂಡಿತ್ತು. ಈ ಡೋಣಿಯ ಗುಣ ಬಲ್ಲವರಿಗೆ ಗೊತ್ತು: ಬೇಸಿಗೆಯಲ್ಲಿ ದಾರ, ಮಳೆಗಾಲದಲ್ಲಿ ಹಾಸಿಗೆ, ಅದರ ನೀರೋ ಸವುಳು, ಉಪ್ಪುಪ್ಪು. ಶಂಕ್ರೆವ್ವ ಕೆಳಗಿಳಿದು ಬೊಗಸೆಯಲ್ಲಿ ನೀರೆತ್ತಿ ನಾಲಗೆಗೆ ಹಚ್ಚಿಕೊಂಡಳು.

"ಉಪ್ಪ ಐತಿ! ಅಪ್ಪಾ, ಉಪ್ಪ ಐತಿ!"

ಸಣ್ಣವೆರಡೂ ಕುಣಿಯತೊಡಗಿದವು. ನಾನು ಬಾಯಿ ತೆರೆದೆ. ಆ ಮೂರು ಮುಖ ನೋಡಿ ಮತ್ತೆ ಮುಚ್ಚಿದೆ. ತಂದೆಯಾದವನು ಸಮುದ್ರ ಕೊಡದಿದ್ದರೆ ಹೋಗಲಿ, ಸಿಕ್ಕ ಸಮುದ್ರವನ್ನು ಕಸಿದುಕೊಳ್ಳಬಾರದು.

ರೇಣುಕವ್ವ ಬಾಗಿಲ ಮೆಟ್ಟಿಲ ಮೇಲೆ ಕುಳಿತು ಬಹಳ ಹೊತ್ತು ನೋಡಿದಳು. "ಏನ್ರಿ, ಸಮುದ್ರದ ನಡುವ ಜಾಲಿಗಿಡ ಇರತಾವೇನ್ರಿ?"

"ಒಂದೊಂದ ಕಡೆ ಇರತಾವ."

"ಅದರ ಮ್ಯಾಲ ಕೋಳಿ ಕುಂತೈತಿ."

ನಾನು ಸಹಾಯಕ್ಕೆ ಸೈಫುದ್ದೀನನ ಕಡೆ ನೋಡಿದೆ. ಪ್ರಪಂಚ ಕಂಡವನು ಅವನೊಬ್ಬನೇ. "ಬಸರಾದಾಗೂ ಸಮುದ್ರ ಹಿಂಗ ಇತ್ತು ವೈನಿ," ಎಂದ ಅವನು ಗಂಭೀರವಾಗಿ. "ಕೋಳಿ ಇರಲಿಲ್ಲ, ಅಷ್ಟ."

ಅಷ್ಟರಲ್ಲಿ ಮೊಣಕಾಲು ನೀರಿನಲ್ಲಿ ಊರವರು ಬಂದರು. ಮುಂದೆ ಊರ ಹಿರಿಯ ಖಂಡಪ್ಪ, ಅವನ ಹಿಂದೆ ಕೈಕಟ್ಟಿಕೊಂಡ ಹತ್ತಾರು ಮಂದಿ. ಎಲ್ಲರ ಕಣ್ಣೂ ನನ್ನ ಟೊಪ್ಪಿಗೆಯ ಮೇಲೆ.

ಇಲ್ಲಿ ಒಂದು ಮಾತು ಹೇಳಬೇಕು. ಯುದ್ಧ ಮುಗಿದಿದ್ದರೂ ಲೆವಿ ಮುಗಿದಿರಲಿಲ್ಲ. ಹಸಿರು ಗಾಡಿಯಲ್ಲಿ, ಖಾಕಿ ಕೋಟಿನಲ್ಲಿ ಸರಕಾರದವರು ಹಳ್ಳಿಗೆ ಬಂದು, ಮನೆಯಲ್ಲಿದ್ದ ಜೋಳ ಅಳೆದು, ಇಷ್ಟು ನಿಮಗೆ ಉಳಿದದ್ದು ನಮಗೆ ಎಂದು ಒಯ್ಯುತ್ತಿದ್ದರು. ಹೀಗಾಗಿ ಹಳ್ಳಿಗಳಲ್ಲಿ ಮನೆಯ ಜೋಳವೆಲ್ಲ ಮನೆ ಬಿಟ್ಟು ಹೊರಬಿದ್ದಿತ್ತು. ಊರಾಚೆ ಎತ್ತರದ, ನೀರು ನಿಲ್ಲದ ಜಾಗದಲ್ಲಿ ಹಗೇವು ತೋಡಿ, ಅದರೊಳಗೆ ಕಾಳು ಸುರಿದು, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣೆಳೆಯುತ್ತಿದ್ದರು. ಎತ್ತರದ, ನೀರು ನಿಲ್ಲದ ಜಾಗ. ಸುತ್ತೆಲ್ಲ ಕೆಸರಿದ್ದರೂ ಅದೊಂದು ಗಟ್ಟಿ. ನನಗೆ ಇದೆಲ್ಲ ಹೊಳೆದದ್ದು ಮರುದಿನ.

"ನಮಸ್ಕಾರ್ರಿ ಸಾಹೇಬರ," ಎಂದ ಖಂಡಪ್ಪ.

ಹುಟ್ಟಿದಂದಿನಿಂದ ನನ್ನನ್ನು ಯಾರೂ ಸಾಹೇಬನೆಂದಿರಲಿಲ್ಲ. ತಿದ್ದಬೇಕಾಗಿತ್ತು. ಬದಲಿಗೆ ಟೊಪ್ಪಿಗೆ ನೆಟ್ಟಗೆ ಮಾಡಿಕೊಂಡೆ.

"ನಮಸ್ಕಾರ. ಊರಾಗ ಎಲ್ಲಾರೂ ಆರಾಮ?"

"ಎಲ್ಲಿ ಆರಾಮ್ರಿ ಯಪ್ಪಾ. ಊರಾಗ ಒಂದು ಕಾಳು ಜೋಳ ಇಲ್ರಿ."

ನಾನು ಜೋಳದ ಮಾತೇ ತೆಗೆದಿರಲಿಲ್ಲ. ಪಾಪ, ಬಡವರ ಊರು ಎಂದುಕೊಂಡೆ.

"ಸಾಹೇಬರು ಇತ್ಲಾಗ ಯಾಕ ಬಂದ್ರಿ?"

"ಸಮುದ್ರ ನೋಡಾಕ."

ಗುಂಪು ತಿರುಗಿ ಡೋಣಿಯನ್ನು ನೋಡಿತು. ಆಮೇಲೆ ನನ್ನನ್ನು ನೋಡಿತು. ಹಿಂದೆ ಯಾರೋ, "ಭಾಳ ಹುಷಾರ ಅದಾನ್ಲೇ" ಎಂದು ಪಿಸುಗುಟ್ಟಿದ.

"ಜಾಗಾ ಚೊಲೋ ಆರಿಸೀರಿ," ಎಂದ ಖಂಡಪ್ಪ ಉಗುಳು ನುಂಗುತ್ತ.

ನಾನು ಹಿಗ್ಗಿದೆ. ಕಾಲಿನಿಂದ ನೆಲ ಬಡಿದು ತೋರಿಸಿದೆ. "ನನ್ನ ಕಣ್ಣು ಸುಳ್ಳಾಗಂಗಿಲ್ರಿ. ಕೆಳಗ ಏನೈತಿ ಅನ್ನೂದು ಮ್ಯಾಲ ನಿಂತರ ತಿಳೀತೈತಿ." ನಾನು ಹೇಳಿದ್ದು ಗರಸು ಮಣ್ಣಿನ ಮಾತು. ಖಂಡಪ್ಪನ ಮುಖ ಬೂದಿಯಾಯಿತು.

"ಎಷ್ಟ ದಿನಾ ಇರ್ತೀರಿ?"

"ನೋಡೂದೆಲ್ಲಾ ನೋಡಿ ಮುಗಿಯೂತನಕ. ನಮಗೇನು ಅವಸರ ಇಲ್ಲ. ಅದಕ್ಕ ಹೇಂತಿ ಮಕ್ಕಳನ್ನ ಕರಕೊಂಡ ಬಂದೀನಿ."

"ಹೇಂತಿ ಮಕ್ಕಳನ್ನ ಕರಕೊಂಡ ಬಂದಾನ," ಎಂದು ಹಿಂದಿನವನು ಅತ್ತಂತೆ ಹೇಳಿದ. "ಎಲ್ಲಾ ಖಾಲಿ ಮಾಡೇ ಏಳಾಂವ."

ಅದೇ ಗಳಿಗೆಗೆ ಊರ ಕಡೆಯಿಂದ ಗಾಳಿಯಲ್ಲಿ ಪಟ್ ಪಟ್ ಪಟ್ ಎಂದು ತಾಳ ಹಿಡಿದ ಸಪ್ಪಳ ಬಂತು. ಹದಿಮೂರು ವರ್ಷ ಆ ಸಪ್ಪಳಕ್ಕೆ ಎದ್ದವನು ನಾನು. ರೇಣುಕವ್ವ ಮೆಟ್ಟಿಲ ಮೇಲೆ ನೆಟ್ಟಗೆ ಕುಳಿತಳು.

"ರೊಟ್ಟಿ ಬಡಿಯಾಕತ್ತಾರಲ್ಲ!" ಎಂದೆ. "ನಮಗೂ ಒಂದಿಷ್ಟು ಬಿಸಿ ರೊಟ್ಟಿ ಆಗತಾವೇನ್ರಿ?"

"ರೊಟ್ಟಿ?" ಖಂಡಪ್ಪ ಆ ಶಬ್ದವನ್ನೇ ಕೇಳಿರದವನಂತೆ ನಿಂತ. "ಅದು ರೊಟ್ಟಿ ಅಲ್ರಿ. ಅರಬಿ ಒಗ್ಯಾಕತ್ತಾರ್ರಿ." ಒಬ್ಬ ಹುಡುಗಾಟದ ವಯಸ್ಸಿನವನಲ್ಲದ ಗಂಡಸು ನೀರು ಸಿಡಿಸುತ್ತ ಊರ ಕಡೆ ಓಡಿದ. ಸಪ್ಪಳ ಥಟ್ಟನೆ ನಿಂತಿತು. "ಒಣಗಿದ್ವು," ಎಂದ ಖಂಡಪ್ಪ.

ಊರವರು ಸಾಹೇಬನನ್ನು ಉಪವಾಸ ಕೆಡವಲಿಲ್ಲ. ಅದನ್ನು ಮರೆತರೆ ನನ್ನ ನಾಲಗೆಗೆ ಹುಳ ಬೀಳಲಿ. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಹೊತ್ತುಕೊಂಡು ಒಂದೊಂದೇ ಬಂದವು: ಗಡಿಗೆ ಮೊಸರು, ಎಮ್ಮೆಯ ಬೆಣ್ಣೆ, ಶೇಂಗಾಹಿಂಡಿ, ಪುಂಡಿಪಲ್ಯ, ಎಣ್ಣೆ ತೇಲುವ ಬದನೆಕಾಯಿ. ಒಂದು ಮದುವೆಗೆ ಸಾಲುವಷ್ಟು. ಆದರೆ ಜೋಳ ಇದೆಯೆಂದು ಸಾಕ್ಷಿ ಹೇಳುವ ಒಂದೇ ಒಂದು ಪದಾರ್ಥ ಬರಲಿಲ್ಲ.

ರೇಣುಕವ್ವ ಎಲ್ಲವನ್ನೂ ಮುಂದಿಟ್ಟುಕೊಂಡು ಕುಳಿತಳು. "ಏನ್ರಿ, ಇದನ್ನ ಯಾತಕ್ಕ ಹಚಗೊಂಡ ತಿನ್ನೂಣು? ಅಂಗೈಗೇನು?"

ಮಕ್ಕಳು ಅಂಗೈಗೇ ಹಚ್ಚಿಕೊಂಡು ತಿಂದವು. ಸಂಜೆಗೆ ಸಣ್ಣವನು, "ಯವ್ವಾ, ರೊಟ್ಟಿ" ಎಂದು ರಾಗ ತೆಗೆದ. ಆಕೆ ಅವನಿಗೆ ಬೆಣ್ಣೆ ತಿನ್ನಿಸಿ ಮಲಗಿಸಿದಳು. ಊರ ತಳವಾರ ಕೋಲು ಹಿಡಿದು ರಾತ್ರಿಯೆಲ್ಲ ವ್ಯಾನಿನ ಸುತ್ತ ಕಾವಲಿದ್ದ. ಎಂಥ ಮರ್ಯಾದಸ್ಥ ಊರು ಎಂದುಕೊಂಡೆ. ಅವನು ಕಾಯುತ್ತಿದ್ದುದು ನಮ್ಮನ್ನಲ್ಲ.

ಮರುದಿನ ಮಳೆ ನಿಂತಿತು. ಸೈಫುದ್ದೀನ ಹುಗಿದ ಗಾಲಿ ಬಿಡಿಸಬೇಕೆಂದು ಸಲಿಕೆ ತೆಗೆದುಕೊಂಡು ಅದರ ಬುಡ ಅಗೆಯತೊಡಗಿದ. ಎರಡು ಸಲಿಕೆ ಮಣ್ಣು ಬಿದ್ದಿತ್ತೋ ಇಲ್ಲವೋ, ತಳವಾರ ಕೂಗಿಕೊಂಡ. ಊರಿಗೆ ಊರೇ ನೀರಿನಲ್ಲಿ ಬಿದ್ದು ಎದ್ದು ಓಡಿ ಬಂತು. ಎಲ್ಲರಿಗಿಂತ ಮುಂದೆ ಹೊಳೆವ್ವನೆಂಬ ಮುದುಕಿ. ಬಂದವಳೇ ಗಾಲಿಯ ಮುಂದೆ ಚಕ್ಕಂಬಕ್ಕಳ ಹಾಕಿ ಕುಳಿತಳು.

"ಅಗೀ! ನನ್ನ ಮ್ಯಾಲ ಅಗೀ! ಹೊಸ ಜೋಳ ಬರೂತನಕ ನನ್ನ ಮೊಮ್ಮಕ್ಕಳು ಏನ ತಿನಬೇಕು, ನಿನ್ನ ಟೊಪಗಿ ತಿನಬೇಕ?"

"ಯಾವ ಜೋಳ ಬೇ ಆಯಿ?" ಎಂದೆ ನಾನು.

"ಯಾವ ಜೋಳ ಅಂತ! ಹಗೇವಿನ ಬಾಯಿ ಮ್ಯಾಲ ಗಾಡಿ ತಂದು ಒತ್ತರಿಸಿ, ಎರಡ ದಿನಾ ಮ್ಯಾಲ ಮಲಗಿ, ಯಾವ ಜೋಳ ಅಂತ!"

ಆಗ ನನ್ನ ತಲೆಯೊಳಗೆ ಸೂರ್ಯ ಮೂಡಿದ. ಕೈಮುಗಿದೆ, ಆಣೆಯಿಟ್ಟೆ. ನಾನು ಲೆವಿಯವನಲ್ಲ, ವಿಜಾಪುರದ ಹಗ್ಗದ ಅಂಗಡಿಯವನು. ಸಮುದ್ರ ನೋಡಲು ಹೊರಟವನು ದಾರಿ ತಪ್ಪಿ ಇಲ್ಲಿ ಸಿಕ್ಕಿಬಿದ್ದಿದ್ದೇನೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಜೀವನದಲ್ಲಿ ಅಷ್ಟು ಸತ್ಯ ಒಮ್ಮೆಗೇ ಹೇಳಿದ್ದು ಅದೇ ಮೊದಲು, ಒಬ್ಬರೂ ನಂಬಲಿಲ್ಲ.

ಹೊಳೆವ್ವ ನನ್ನನ್ನು ಬಿಟ್ಟು ರೇಣುಕವ್ವನ ಕಡೆ ತಿರುಗಿದಳು. "ತಂಗೀ, ನೀ ಹೇಳ. ನೀ ಸಾಹೇಬನ ಹೇಂತಿಯೇನು?"

"ಅಲ್ಲ ಬೇ ಆಯಿ."

"ಹಂಗಾದ್ರ ಒಂದು ರೊಟ್ಟಿ ಬಡದ ತೋರಸು. ಸಾಹೇಬರ ಹೇಂತ್ಯಾರಿಗೆ ಹಿಟ್ಟ ಮುಟ್ಟಿ ಗೊತ್ತಿರಂಗಿಲ್ಲ. ನೀ ಬಡದ್ರ ನಾ ನಂಬತೀನಿ, ನಾ ನಂಬಿದ್ರ ಊರು ನಂಬತೈತಿ."

"ಹಿಟ್ಟು?" ಎಂದ ಖಂಡಪ್ಪ ದಿಗಿಲಾಗಿ. "ಊರಾಗ ಹಿಟ್ಟು ಎಲ್ಲೈತಿ?"

"ಸುಮ್ಮನಿರೋ," ಎಂದು ಹೊಳೆವ್ವ ಸೆರಗಿನ ಗಂಟಿನಿಂದ ಒಂದು ಸಣ್ಣ ಚೀಲ ತೆಗೆದಳು. "ಇದು ಜೋಳದ ಹಿಟ್ಟಲ್ಲ. ದೇವರ ಮೀಸಲು."

ಪರಾತ ಬಂತು, ಹಂಚು ಬಂತು. ಊರ ಕಟ್ಟಿಗೆಯೆಲ್ಲ ತೊಯ್ದಿತ್ತು. ಸೈಫುದ್ದೀನ ಗಾಡಿಯ ಡ್ರಮ್ಮಿನಿಂದ ಸಲಿಕೆಯಲ್ಲಿ ಕೆಂಡ ತಂದು ಮೂರು ಕಲ್ಲಿನ ನಡುವೆ ಸುರಿದ. ನೀರು ಕುದಿಯಿತು. ಎಲ್ಲರೂ ರೇಣುಕವ್ವನ ಸುತ್ತ ನೆರೆದರು. ಸಣ್ಣವನು ಪರಾತ ನೋಡಿ ಚಪ್ಪಾಳೆ ತಟ್ಟಿದ.

ರೇಣುಕವ್ವ ನನ್ನ ಕಡೆ ನೋಡಲಿಲ್ಲ. ಮೆಟ್ಟಿಲಿಂದ ಇಳಿದಳು. ಬಳೆಗಳನ್ನು ಮೇಲಕ್ಕೇರಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ದಿನಾ ಬೆಳಿಗ್ಗೆ ಹೇಗೋ ಹಾಗೆಯೇ. ಇಷ್ಟು ದೂರ ಬಂದು, ಇಷ್ಟು ನೀರು ದಾಟಿ, ಮತ್ತದೇ ಹಿಟ್ಟು, ಮತ್ತದೇ ಹಂಚು. ಆಕೆ ಪರಾತದ ಮುಂದೆ ಕುಳಿತಳು; ನಾನು ಪರಾತವನ್ನು ನನ್ನ ಕಡೆ ಎಳೆದುಕೊಂಡೆ.

"ಬ್ಯಾಡ," ಎಂದೆ. "ಏಳು. ನಾ ಬಡೀತೀನಿ."

ಡೋಣಿ ಕೂಡ ಒಂದು ಗಳಿಗೆ ನಿಂತಿರಬೇಕು.

"ನೀವ?" ಎಂದಳು ರೇಣುಕವ್ವ.

"ನಾನ. ಆಯಿ, ನನ್ನ ಹೇಂತಿ ಮದುವ್ಯಾದಾಗಿಂದ ಇನ್ನೊಬ್ಬರ ಕೈಯಾಗಿನ ಬಿಸಿ ರೊಟ್ಟಿ ತಿಂದಿಲ್ಲ. ಅದೊಂದ ಕೇಳ್ಯಾಳ. ನಾ ದೊಡ್ಡಾಂವ ಆಗಾಕ ಹೋಗಿ ಸಮುದ್ರ ತೋರಸ್ತೀನಿ ಅಂದೆ. ಮನಿಗೆ ಹೋಗೂತನಕ ಹಿಟ್ಟು ಮುಟ್ಟಸಂಗಿಲ್ಲ ಅಂತ ಮಾತು ಕೊಟ್ಟೀನಿ. ನೀವು ನಂಬ್ರಿ, ಬಿಡ್ರಿ. ಆಕಿ ಬಡಿಯಂಗಿಲ್ಲ."

ಟೊಪ್ಪಿಗೆ ಪರಾತದಲ್ಲಿ ಬೀಳುವಂತಿತ್ತು. ತೆಗೆದು ಶಂಕ್ರೆವ್ವನ ತಲೆಯ ಮೇಲಿಟ್ಟೆ. ಹಣೆಯ ಮೂರು ಬೆರಳ ವಿಭೂತಿ ಹೊರಗೆ ಬಿತ್ತು. "ಅಯ್ಯ, ಒಳಗ ನಮ್ಮಾಂವ ಅದಾನಲ್ಲ," ಎಂದ ಖಂಡಪ್ಪ.

ಹಿಟ್ಟಿಗೆ ಬಿಸಿನೀರು ಹಾಕಿದೆ. ಕೈ ಹಾಕಿದೆ. ತೆಗೆದೆ. ಕೂಗಿದೆ. ಮತ್ತೆ ಹಾಕಿದೆ. ಹಗ್ಗ ಹೊಸೆದು ಹೊಸೆದು ಅಭ್ಯಾಸವಾದ ಕೈಗಳು ಹಿಟ್ಟನ್ನೂ ಹೊಸೆಯತೊಡಗಿದವು. "ರೊಟ್ಟಿ ಮಾಡಾಕತ್ತೀರೋ ಕಣ್ಣಿ ಮಾಡಾಕತ್ತೀರೋ?" ಎಂದು ಒಬ್ಬಾಕೆ ಕೇಳಿದಳು. ಬಡಿದರೆ ಅದು ಒಂದು ಕಡೆ ಓಡಿತು. ಆ ಕಡೆ ಹಿಡಿದರೆ ಈ ಕಡೆ ಸೀಳಿತು. ಕೊನೆಗೆ ಹಂಚಿನ ಮೇಲೆ ಬಿದ್ದದ್ದಕ್ಕೆ ನಾಲ್ಕು ಮೂಲೆಗಳಿದ್ದವು, ಒಂದು ಬಾಲವಿತ್ತು, ನಟ್ಟನಡುವೆ ರೂಪಾಯಿಯಗಲ ತೂತು.

"ಅಪ್ಪಾ, ಸಾಲ್ಯಾಗಿನ ಮುಂಬೈ ಇಲಾಖಾದ ನಕಾಶಿ ಆತು!" ಎಂದಳು ಶಂಕ್ರೆವ್ವ.

ಮೊದಲು ನಕ್ಕವಳು ಹೊಳೆವ್ವ. ಹಲ್ಲಿಲ್ಲದ ಬಾಯಿ ತೆರೆದು, ಮಂಡಿ ಬಡಿದುಕೊಂಡು ನಕ್ಕಳು. ಆಮೇಲೆ ಹೆಂಗಸರು, ಆಮೇಲೆ ಗಂಡಸರು, ಕೊನೆಗೆ ಕೋಲು ಬಿಸಾಡಿ ತಳವಾರ. ನಾನು ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು ಕುಳಿತಿದ್ದೆ.

"ಸಾಕ ಬಿಡ್ರೋ," ಎಂದಳು ಹೊಳೆವ್ವ ಕಣ್ಣೊರೆಸಿಕೊಂಡು. "ಸರಕಾರದವರು ಕುಂತ ತಿನ್ನಾವ್ರು. ಹೇಂತಿ ಸಲುವಾಗಿ ಕೈ ಸುಟಗೊಳ್ಳೋ ಸರಕಾರ ನಾ ಇನ್ನೂ ಕಂಡಿಲ್ಲ. ಏ ಮಲಕವ್ವಾ, ಹಿಟ್ಟು ತಾ!"

ಹಿಟ್ಟು ಬಂತು. ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಒಂದು ಕಾಳೂ ಇಲ್ಲದ ಊರಿನಲ್ಲಿ ಪ್ರತಿ ಮನೆಯಿಂದಲೂ ಒಂದೊಂದು ಬುಟ್ಟಿ ಬಂತು. ದಿನ್ನೆಯ ಮೇಲೆ ಮತ್ತೆರಡು ಒಲೆ ಹೂಡಿದರು. ಪಟ್ ಪಟ್ ಪಟ್ ಎಂದು, ಯಾರಿಗೂ ಅಂಜದೆ, ಅರಿವೆ ಒಗೆಯುವ ಸಪ್ಪಳ ಎದ್ದಿತು.

ರೇಣುಕವ್ವನನ್ನು ವ್ಯಾನಿನ ಮೆಟ್ಟಿಲ ಮೇಲೆ ಕೂಡಿಸಿದರು. ಎದ್ದರೆ ಹೊಳೆವ್ವ ಬೈಯುತ್ತಿದ್ದಳು. ಆಕೆ ಕಾಲು ಚಾಚಿ, ಕೈ ಮಡಿಲಲ್ಲಿಟ್ಟುಕೊಂಡು ಕುಳಿತಳು. ಆ ಕೈಗಳು ಏನು ಮಾಡಬೇಕೆಂದು ತಿಳಿಯದೆ ಒಂದನ್ನೊಂದು ಹಿಡಿದುಕೊಂಡಿದ್ದವು. ಹೊಳೆವ್ವ ಚಂದ್ರನಂತೆ ಉಬ್ಬಿದ ರೊಟ್ಟಿಯನ್ನು ಹಂಚಿನಿಂದ ತೆಗೆದು, ಉಗಿ ಹಾಯುತ್ತಿದ್ದಂತೆಯೇ ತಂದು ಆಕೆಯ ಗಂಗಾಳಕ್ಕೆ ಹಾಕಿದಳು, ಮೇಲೆ ಬೆಣ್ಣೆ. ಗಂಗಾಳದಲ್ಲಿ ಆಗಲೇ ಒಂದು ರೊಟ್ಟಿಯಿತ್ತು. ನನ್ನ ನಕಾಶೆ.

"ಅದನ್ನ ದನಕ್ಕ ಹಾಕ ತಂಗಿ," ಎಂದಳು ಹೊಳೆವ್ವ.

ರೇಣುಕವ್ವ ಹಾಕಲಿಲ್ಲ. ಅದನ್ನೆತ್ತಿ ಕಣ್ಣಿಗೆ ಹಿಡಿದು, ತೂತಿನೊಳಗಿಂದ ಡೋಣಿಯ ಕಡೆ ನೋಡಿದಳು. ಬಿಸಿಲು ಬಿದ್ದು ನೀರೆಲ್ಲ ಹೊಳೆಯುತ್ತಿತ್ತು.

"ಇದರೊಳಗಿಂದ ಬರೇ ನೀರ ಕಾಣತೈತಿ ನೋಡ್ರಿ. ಜಾಲಿಗಿಡ ಇಲ್ಲ, ಕೋಳಿ ಇಲ್ಲ. ಖರೇನ ಸಮುದ್ರ."

"ನಿನಗ ಗೊತ್ತಿತ್ತೇನು?"

"ನಿನ್ನೆ ಮುಂಜಾನಿನ ಗೊತ್ತಿತ್ತು."

"ಮತ್ತ ಯಾಕ ಅನ್ನಲಿಲ್ಲ?"

"ಅಷ್ಟ ದೊಡ್ಡದ ಕೊಡಾಕತ್ತಿದ್ರಿ. ಸಣ್ಣದ ಮಾಡೂದು ಚಂದ ಅಲ್ಲ ಅಂತ ಸುಮ್ಮ ಇದ್ದೆ," ಎಂದು ಆ ಸುಟ್ಟ ರೊಟ್ಟಿಯ ಬಾಲ ಮುರಿದು ಬಾಯಿಗೆ ಹಾಕಿಕೊಂಡಳು. "ಉಪ್ಪ ಭಾಳ ಆಗೇತಿ."

"ನಾ ಉಪ್ಪ ಹಾಕಿಲ್ಲ. ಡೋಣಿ ನೀರು."

ಊಟವಾದ ಮೇಲೆ ಖಂಡಪ್ಪ ಬಂದು ನಿಂತು ತಲೆ ಕೆರೆದುಕೊಂಡ. "ಈಗ ಗಾಡಿ ಒಂದೀಟು ಸರಸೂಣ್ರಿ. ಕೆಳಗ ಕಲ್ಲಚಪ್ಪಡಿ ಒಡದಗಿಡದೀತು." ನನ್ನ ಹಗ್ಗ ಕಟ್ಟಿ ಊರೆಲ್ಲ ಎಳೆದರು. ವ್ಯಾನು ಹಗೇವಿನಿಂದ ಇಳಿದು ಪಕ್ಕದಲ್ಲಿ ಕುಳಿತಿತು. ಡೋಣಿ ಇಳಿಯುವವರೆಗೂ ನಾವು ಅಲ್ಲೇ ಇದ್ದೆವು. ರೇಣುಕವ್ವ ಒಂದು ದಿನವೂ ಹಿಟ್ಟು ಮುಟ್ಟಲಿಲ್ಲ, ಊರ ಹೆಂಗಸರು ಮುಟ್ಟಗೊಡಲೂ ಇಲ್ಲ. ಮುಂದೆ ಹೋಗದೆ ಮನೆಯ ಕಡೆ ಹೊರಡುವಾಗ ಗಾಡಿಯಲ್ಲಿದ್ದ ಹಗ್ಗವನ್ನೆಲ್ಲ ಆ ಊರಿನ ಬಾವಿಗೆ ಬಿಟ್ಟು ಬಂದೆ. ಈಗಲೂ ಮಳೆಗಾಲಕ್ಕೆ ಮುಂಚೆ ಒಂದು ಹೊಸ ಹಗ್ಗ ಅಲ್ಲಿಗೆ ಹೋಗುತ್ತದೆ. ಊರಿನ ಹೆಸರು ಬರೆಯಬೇಕೆಂದು ಬಹಳ ಆಸೆ. ಆದರೆ ಲೆವಿ ಇನ್ನೂ ನಿಂತಿಲ್ಲ.

ವಿಜಾಪುರ ಮುಟ್ಟಿದಾಗ ಓಣಿಯೆಲ್ಲ ಬಾಗಿಲಲ್ಲಿತ್ತು. ಡೋಣಿಯ ನೀರು ತುಂಬಿ ತಂದ ಕೊಡವನ್ನು ಬೋರವ್ವನಿಗೆ ಕೊಟ್ಟೆ. ಒಂದು ಬೊಗಸೆ ಬಾಯಿಗೆ ಹಾಕಿಕೊಂಡು ಮುಖ ಹುಳ್ಳಗೆ ಮಾಡಿದಳು.

"ಉಪ್ಪ ಕಮ್ಮಿ ಐತಲ್ಲೋ. ಸಮುದ್ರದಾಗೂ ಕಲಬೆರಕಿ ಮಾಡಾಕತ್ತಾರೇನೋ ಈಗ?"

ಆಮೇಲೆ ರೇಣುಕವ್ವನ ಕಡೆ ತಿರುಗಿ, "ನೀ ಹೇಳ ಬೇ. ಹೆಂಗಿತ್ತು ಸಮುದ್ರ?" ಎಂದಳು.

ರೇಣುಕವ್ವ ಹೊಸ್ತಿಲು ದಾಟಿ ಒಳಗೆ ಹೋದಳು. ಬಳೆಗಳನ್ನು ಮೇಲಕ್ಕೇರಿಸಿದ ಸಪ್ಪಳ ಕೇಳಿಸಿತು. ಒಲೆಯ ಮುಂದಿನಿಂದಲೇ ಉತ್ತರ ಬಂತು:

"ಬಿಸಿ ಇತ್ತವ್ವಾ. ಭಾಳ ಬಿಸಿ ಇತ್ತು."